ಉರುಸಿಗೆ ಹೊರಟವರಿಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರು ಜಾತಿ ಮತ ನೋಡದೆ ಕಲಬುರಗಿಯ ಖಾಜಾ ಬಂದೇನವಾಜರ ಉರುಸಿಗೆ ಹೊರಡುತ್ತೀರಿ. ಸಂತೋಷದಿಂದ ಹೋಗಿ ಬನ್ನಿ. ಆದರೆ ಮೊದಲು ತಾರೀಖು ಕೇಳಿಕೊಳ್ಳಿ. ಗಂಧ ಜಿಲ್ಕಾದ್ ತಿಂಗಳ 15ಕ್ಕೆ, ದೀಪ 16ಕ್ಕೆ. ಅದು ಚಂದ್ರನ ಲೆಕ್ಕ, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2016ರಲ್ಲಿ ಆಗಸ್ಟ್ ತಿಂಗಳಿಗೆ ಬಂದ ಉರುಸು 2024ರಲ್ಲಿ ಮೇ ತಿಂಗಳಿಗೆ ಬಂತು. 'ಹೋದ ವರ್ಷ ಇದೇ ದಿನ ಇತ್ತು' ಅಂತ ಗಂಟುಮೂಟೆ ಕಟ್ಟಬೇಡಿ.

ಬೇಸಿಗೆಗೆ ಬಿದ್ದ ವರ್ಷ ಬಿಸಿಲನ್ನು ಹಗುರವಾಗಿ ತಗೊಳ್ಳಬೇಡಿ. ಮಧ್ಯಾಹ್ನದ ಶಹಾಬಾದ್ ಕಲ್ಲು ಹೇಗೆ ಕಾಯುತ್ತದೆ ಅಂತ ನಿಮಗೆ ನಾನು ಹೇಳಬೇಕೆ? ರೊಟ್ಟಿ ಹಂಚೇ ಸೈ. ದರ್ಗಾದ ಅಂಗಳದಲ್ಲಿ ಚಪ್ಪಲಿ ಬಿಡಲೇಬೇಕು. ಒಂದು ಸಲ ನನ್ನ ಮೊಮ್ಮಗಳು ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟು ಅತ್ತುಬಿಟ್ಟಳು. ನನ್ನ ಸೆರಗನ್ನೇ ನೀರಲ್ಲಿ ಅದ್ದಿ ಅವಳ ಅಂಗಾಲಿಗೆ ಸುತ್ತಿದೆ. ಅಂದಿನಿಂದ ಮಕ್ಕಳಿಗೆ ದಪ್ಪ ಕಾಲುಚೀಲ ಒಯ್ಯುತ್ತೇನೆ, ನೀವೂ ಒಯ್ಯಿರಿ. ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೆ ಹೊತ್ತು ಇಳಿದ ಮೇಲೆ ದರ್ಶನ ಮಾಡಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಾಕು. ಅನ್ನ ಸಾರು ಆ ಸೆಕೆಗೆ ಹಳಸುತ್ತದೆ.

ಗಂಧದ ಮೆರವಣಿಗೆ ಮಹಬೂಬ್ ಗುಲ್ಶನ್ ತೋಟದಿಂದ ಬರುವಾಗ ಕೂಸುಗಳನ್ನು ಎತ್ತಿಕೊಂಡು ಮುಂದೆ ನುಗ್ಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ. ಖಾಜಾ ಅವರಿಗೆ ಗೇಸುದರಾಜ, ಅಂದರೆ ನೀಳಕೂದಲಿನವರು ಅಂತ ಹೆಸರು ಬಂದದ್ದು ಹೇಗೆ ಗೊತ್ತೆ? ಗುರುಗಳ ಪಲ್ಲಕ್ಕಿ ಹೊರುವಾಗ ಕೂದಲು ಸಿಕ್ಕಿಬಿತ್ತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುಗಳಿಗೆ ತೊಂದರೆ ಅಂತ ನೋವು ನುಂಗಿ ನಡೆದರಂತೆ. ಅಂಥವರ ಬಾಗಿಲಲ್ಲಿ ಮೊಣಕೈಯಿಂದ ತಿವಿಯುವುದು ಯಾವ ಭಕ್ತಿ? ಮಕ್ಕಳ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ. ಬಂಗಾರ ಮನೆಯಲ್ಲೇ ಇರಲಿ. ಒಳಗಿನ ಗುಮ್ಮಟಕ್ಕೆ ಹೆಣ್ಣುಮಕ್ಕಳನ್ನು ಬಿಡುವುದಿಲ್ಲ. ಹೊಸ್ತಿಲಲ್ಲಿ ಜಗಳ ತೆಗೆಯದೆ ಹೊರಗೆ ನಿಂತೇ ಬೇಡಿಕೊಳ್ಳಿ, ನಾನೂ ಹಾಗೇ ಮಾಡುತ್ತೇನೆ.

ಹರಕೆ ಅಂತ ಸಾಲ ಮಾಡಿ ಜರಿಯ ಚಾದರ ಒಯ್ಯಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ದೆಹಲಿ ಬಿಟ್ಟು ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಇಲ್ಲಿಗೆ ಬಂದು, 1422ರಲ್ಲಿ ಇಲ್ಲೇ ಮಣ್ಣಾದ ಫಕೀರರಿಗೆ ಒಂದು ಹಿಡಿ ಹೂವು, ಒಂದಿಷ್ಟು ಸಕ್ಕರೆ ಸಾಲದೆ?

ಇನ್ನು ವಾಪಸು ಬರುವ ಮಾತು. ರೈಲಿನಲ್ಲಾದರೆ ಸೇಡಂ, ಚಿತ್ತಾಪುರದವರು ವಾಡಿ ದಾಟಿಯೇ ಬರಬೇಕು. ರಾತ್ರಿ ಗಾಡಿಯಲ್ಲಿ ಕಾಲಿಡಲು ಜಾಗ ಇರದಿದ್ದರೆ ಬಾಗಿಲಿಗೆ ಜೋತು ಬೀಳಬೇಡಿ, ಮುಂದಿನ ಗಾಡಿಗೆ ಬನ್ನಿ. ಚಿಂಚೋಳಿಯವರಿಗೆ ರೈಲಿಲ್ಲ. ಕಲಬುರಗಿಯಲ್ಲಿ ಇಳಿದ ಕೂಡಲೇ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಸ್ಟ್ಯಾಂಡಿನಲ್ಲೇ ಕೇಳಿಟ್ಟುಕೊಳ್ಳಿ. ಮತ್ತೆ, ಮಂಡಿನೋವಿನಿಂದ ಬರಲಾಗದ ನೆರೆಮನೆಯ ಅಜ್ಜಿಗೆ ಒಂದು ಪೊಟ್ಟಣ ಸಕ್ಕರೆ ತನ್ನಿ. ನೀವು ಬರುವತನಕ ಆಕೆ ಕಟ್ಟೆ ಬಿಟ್ಟು ಏಳುವುದಿಲ್ಲ.