ಮದುವೆ ಮನೆಯಲ್ಲಿ ಫೋಟೋ ತೆಗೆಯೋಣ



ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರು. ಮದುವೆ ಕಾಲ ಬಂತು ಅಂದರೆ ಎರಡೂ ಊರಿನ ಕಲ್ಯಾಣ ಮಂಟಪಗಳು ತುಂಬಿರುತ್ತವೆ. ಓಲಗದವರಿಗೆ ಕೆಲಸ. ಅಡುಗೆಯವರಿಗೆ ಕೆಲಸ. ಹೂವಿನವರಿಗೆ ಕೆಲಸ. ಫೋಟೋ ತೆಗೆಯುವವರಿಗೂ ಕೈ ತುಂಬ ಕೆಲಸ.

ಫೋಟೋ ಕೆಲಸ ಗಂಡಸರದ್ದು ಅಂತ ಬಹಳ ಜನ ತಿಳಿದಿದ್ದಾರೆ. ಅದು ನಿಜವಲ್ಲ.

ಹೋಮಾಯಿ ವ್ಯಾರಾವಾಲಾ ಎಂಬ ಹೆಂಗಸು 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದರು. ನಮ್ಮ ದೇಶದಲ್ಲಿ ಪತ್ರಿಕೆಗೆ ಫೋಟೋ ತೆಗೆದ ಮೊದಲ ಮಹಿಳೆ ಅವರು. ಮೊದಮೊದಲು ಅವರ ಫೋಟೋಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಆದರೂ ಅವರು ಕೆಲಸ ಬಿಡಲಿಲ್ಲ. ಸೀರೆ ಉಟ್ಟು, ಭಾರದ ಕ್ಯಾಮೆರಾ ಹೊತ್ತು ದೆಹಲಿಯಲ್ಲಿ ಓಡಾಡಿದರು. 2011ರಲ್ಲಿ ಸರ್ಕಾರ ಅವರಿಗೆ ಪದ್ಮವಿಭೂಷಣ ಕೊಟ್ಟಿತು. 2012ರಲ್ಲಿ ತೀರಿಕೊಂಡರು.

ಭದ್ರಾವತಿಯಲ್ಲಿ ಒಬ್ಬ ಅಕ್ಕ ಹೊಸದಾಗಿ ಕ್ಯಾಮೆರಾ ಹಿಡಿದಿದ್ದಾರೆ ಅಂದುಕೊಳ್ಳೋಣ. ಅವರು ಕೆಲಸ ಚೆನ್ನಾಗಿ ಕಲಿಯಬೇಕು. ಏನೇನು ಮಾಡಬೇಕು? ನೋಡೋಣ.

ಮೊದಲು ಪಟ್ಟಿ ಬರೆಯೋಣ

ಧಾರೆ ಒಂದೇ ಸಲ ಎರೆಯುತ್ತಾರೆ. ತಾಳಿ ಒಂದೇ ಸಲ ಕಟ್ಟುತ್ತಾರೆ. ಫೋಟೋ ತಪ್ಪಿತು, ಇನ್ನೊಮ್ಮೆ ಕಟ್ಟಿ ಅಂತ ಹೇಳೋಕೆ ಆಗೋಲ್ಲ.

ಅದಕ್ಕೇ ಮದುವೆಗೆ ಮುಂಚೆ ಎರಡೂ ಮನೆಯವರನ್ನು ಕೇಳಬೇಕು. ಯಾವ ಶಾಸ್ತ್ರ ಯಾವಾಗ? ಅರಿಶಿನ ಹಚ್ಚುವುದು, ವರಪೂಜೆ, ಅಂತರಪಟ, ಧಾರೆ, ಮಾಂಗಲ್ಯ, ಸಪ್ತಪದಿ, ಆರತಕ್ಷತೆ, ಮನೆ ತುಂಬಿಸುವುದು. ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ. ನಿಕಾಹ್ ಆದರೆ ಬೇರೆ, ಚರ್ಚಿನ ಮದುವೆ ಆದರೆ ಬೇರೆ. ಗೊತ್ತಿಲ್ಲದಿದ್ದರೆ ಕೇಳುವುದರಲ್ಲಿ ನಾಚಿಕೆ ಇಲ್ಲ.

ಯಾರ ಫೋಟೋ ಬೇಕೇ ಬೇಕು ಅಂತಲೂ ಬರೆದುಕೊಳ್ಳೋಣ. ಮೂಲೆಯಲ್ಲಿ ಕೂತ ಅಜ್ಜಿಯನ್ನು ಎಲ್ಲರೂ ಮರೆಯುತ್ತಾರೆ. ನಾಳೆ ಅಜ್ಜಿ ಇಲ್ಲದಾಗ ಮನೆಯವರು ಹುಡುಕುವುದು ಆ ಒಂದು ಫೋಟೋವನ್ನೇ. ಓದು ಬರಹ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಬೆಳಕನ್ನು ನೋಡೋಣ

ಬೆಳಕಿಲ್ಲದೆ ಫೋಟೋ ಇಲ್ಲ. ಕ್ಯಾಮೆರಾದಲ್ಲಿ ಬೆಳಕನ್ನು ಹಿಡಿಯಲು ಮೂರು ದಾರಿ ಇವೆ.

ಒಂದು, ಅಪರ್ಚರ್. ಇದು ಲೆನ್ಸಿನ ಒಳಗಿನ ಕಿಂಡಿ. ಸಂಖ್ಯೆ ಚಿಕ್ಕದಾದರೆ ಕಿಂಡಿ ದೊಡ್ಡದು. 2.8ರಲ್ಲಿ ಬೆಳಕು ಹೆಚ್ಚು ಬರುತ್ತದೆ, 8ರಲ್ಲಿ ಕಡಿಮೆ. ಎರಡು ಮೂರು ಸಾಲು ನಿಂತ ಗುಂಪಿಗೆ 5.6 ಅಥವಾ 8 ಒಳ್ಳೆಯದು. ಆಗ ಹಿಂದಿನ ಸಾಲಿನ ಮುಖವೂ ಸ್ಪಷ್ಟವಾಗಿ ಬರುತ್ತದೆ.

ಎರಡು, ಶಟರ್. ಇದು ಬಾಗಿಲು ಇದ್ದ ಹಾಗೆ. ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೆ ಅಲುಗಾಡಿದ್ದೆಲ್ಲ ಮಸುಕು. ಅಕ್ಷತೆ ಹಾಕುವ ಕೈ ನಿಲ್ಲುವುದಿಲ್ಲ. ಒಂದು ಸೆಕೆಂಡನ್ನು 125 ಭಾಗ ಮಾಡಿ, ಅದರಲ್ಲಿ ಒಂದು ಭಾಗ ಮಾತ್ರ ತೆರೆದರೆ ಸಾಮಾನ್ಯವಾಗಿ ಮುಖ ಮಸುಕಾಗದು. ಬೇಗ ಆಡುವ ಕೈಗೆ 250 ಇಡಬೇಕು.

ಮೂರು, ಐಎಸ್‌ಒ. ಕತ್ತಲೆ ಇದ್ದಾಗ ಈ ಸಂಖ್ಯೆ ಏರಿಸುತ್ತೇವೆ. ಬಹಳ ಏರಿಸಿದರೆ ಫೋಟೋದಲ್ಲಿ ರವೆ ಚೆಲ್ಲಿದ ಹಾಗೆ ಚುಕ್ಕಿ ಕಾಣುತ್ತದೆ.

ಫ್ಲಾಶನ್ನು ನೇರವಾಗಿ ಮುಖಕ್ಕೆ ಹೊಡೆದರೆ ಜರಿ, ಒಡವೆ ಹೊಳೆದು ಕಣ್ಣು ಕುಕ್ಕುತ್ತದೆ. ತಲೆಯ ಮೇಲೆ ಬಿಳಿ ಛಾವಣಿ ಇದ್ದರೆ ಫ್ಲಾಶನ್ನು ಅತ್ತ ತಿರುಗಿಸಿ. ಬೆಳಕು ಮೃದುವಾಗಿ ಕೆಳಗೆ ಬರುತ್ತದೆ. ಕೆಂಪು ಶಾಮಿಯಾನ ಇದ್ದರೆ ಹಾಗೆ ಮಾಡಬೇಡಿ. ಮುಖವೆಲ್ಲ ಕೆಂಪಾಗುತ್ತದೆ.

ಬಿಳಿ ಪಂಚೆ, ಬಿಳಿ ಶರ್ಟು ತುಂಬಿದ್ದರೆ ಕ್ಯಾಮೆರಾ ಮೋಸ ಹೋಗುತ್ತದೆ. ಬೆಳಕು ಜಾಸ್ತಿ ಆಯಿತು ಅಂತ ತಿಳಿದು ಮುಖವನ್ನು ಕಪ್ಪು ಮಾಡುತ್ತದೆ. ಆಗ ಬೆಳಕನ್ನು ಸ್ವಲ್ಪ ಏರಿಸಬೇಕು. ಆದರೆ ಕಪ್ಪು ಹುಡುಗಿಯನ್ನು ಬಿಳಿ ಮಾಡುವ ಆಟ ಬೇಡ. ಅವಳ ಬಣ್ಣ ಅವಳದೇ. ಅದು ಚೆನ್ನಾಗಿ ಕಾಣುವ ಹಾಗೆ ತೆಗೆಯುವುದೇ ಜಾಣತನ.

ಎಲ್ಲಿ ನಿಲ್ಲಬೇಕು?

ಅಂತರಪಟ ಸರಿಯುವ ಹೊತ್ತಿಗೆ ಎಲ್ಲರೂ ಎದ್ದು ಮುಂದೆ ಬರುತ್ತಾರೆ. ನಮ್ಮ ಜಾಗ ಅದಕ್ಕೆ ಮೊದಲೇ ಗೊತ್ತಾಗಿರಬೇಕು. ಪುರೋಹಿತರ ಹತ್ತಿರ ಹೋಗಿ, "ಸ್ವಾಮಿ, ತಾಳಿ ಕಟ್ಟುವ ಮುಂಚೆ ಒಂದು ಮಾತು ಹೇಳಿ" ಅಂತ ಕೇಳಿಕೊಳ್ಳೋಣ. ನೆಂಟರ ಮುಂದೆ ಗೋಡೆಯ ಹಾಗೆ ನಿಲ್ಲಬಾರದು. ಮದುವೆ ಅವರದು.

ಎರಡು ಬ್ಯಾಟರಿ, ಎರಡು ಕಾರ್ಡು ಇರಲಿ. ಮನೆಗೆ ಬಂದ ರಾತ್ರಿಯೇ ಫೋಟೋಗಳನ್ನು ಎರಡು ಕಡೆ ತುಂಬಿಡಬೇಕು. ಅದಾಗದೆ ಕಾರ್ಡು ಅಳಿಸಬಾರದು.

ಲೆಕ್ಕ ಹಾಕೋಣ

ಒಂದು ಮದುವೆಗೆ 12,000 ರೂಪಾಯಿ ಒಪ್ಪಿದರು ಅಂತಿಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹೇಳಿದ ಮಾತು.

ಆಲ್ಬಂ ಖರ್ಚು 5,000 ರೂಪಾಯಿ
ಸಹಾಯಕಿಗೆ 1,500 ರೂಪಾಯಿ
ಓಡಾಟ 500 ರೂಪಾಯಿ
ಒಟ್ಟು ಖರ್ಚು 7,000 ರೂಪಾಯಿ
ಉಳಿದದ್ದು 5,000 ರೂಪಾಯಿ

ಫೋಟೋ ತೆಗೆಯಲು ಎರಡು ದಿನ, ಆರಿಸಿ ಆಲ್ಬಂ ಮಾಡಲು ಮೂರು ದಿನ. ಐದು ದಿನಕ್ಕೆ 5,000 ಅಂದರೆ ದಿನಕ್ಕೆ 1,000 ರೂಪಾಯಿ. ಇದರಲ್ಲೇ ಕ್ಯಾಮೆರಾ ರಿಪೇರಿಗೆ ಸ್ವಲ್ಪ ಎತ್ತಿಡಬೇಕು. ಹೀಗೆ ಲೆಕ್ಕ ನೋಡದೆ, ಯಾರೋ ಕಡಿಮೆ ಕೇಳಿದರು ಅಂತ ಒಪ್ಪಿಕೊಂಡರೆ ದುಡಿಮೆ ನೀರಿಗೆ ಹಾಕಿದ ಹಾಗೆ.

ಒಪ್ಪಿದ್ದನ್ನು ಕಾಗದದಲ್ಲಿ ಬರೆಯಿರಿ. ತಾರೀಖು, ಎಷ್ಟು ಫೋಟೋ, ಮುಂಗಡ ಎಷ್ಟು, ಆಲ್ಬಂ ಯಾವಾಗ. ಎರಡೂ ಕಡೆಯವರ ಸಹಿ ಇರಲಿ. ಹೆಬ್ಬೆಟ್ಟಲ್ಲ, ಸಹಿ!

ವಯಸ್ಸು ಕೇಳೋಣ

ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದನ್ನೇ ಹೇಳುತ್ತದೆ. ಬಾಲ್ಯವಿವಾಹ ಮಾಡಿಸಿದವರಿಗೆ, ಅದಕ್ಕೆ ನೆರವಾದವರಿಗೆ ಶಿಕ್ಷೆ ಇದೆ. ಹುಡುಗಿ ಎಳೆಯಳು ಅಂತ ಕಂಡರೆ ಮುಂಗಡ ಹಿಡಿಯಬೇಡಿ. 1098ಕ್ಕೆ ಫೋನ್ ಮಾಡಿ. ಒಂದು ಮದುವೆಯ ದುಡ್ಡು ಹೋದರೆ ಹೋಗಲಿ. ಒಂದು ಮಗುವಿನ ಬದುಕು ಉಳಿಯುತ್ತದೆ.

ಮದುಮಗಳ ಫೋಟೋವನ್ನು ಅವಳನ್ನು ಕೇಳದೆ ಯಾರಿಗೂ ಕಳಿಸಬಾರದು. ಅಂಗಡಿ ಮುಂದೆಯೂ ಹಾಕಬಾರದು.

ದಿನದಿನಕ್ಕೆ ಕಲಿಯೋಣ

ಹಿಂದೆ ರೀಲಿನ ಕಾಲದಲ್ಲಿ ಒಂದು ರೀಲಿಗೆ 36 ಫೋಟೋ. ಪ್ರತಿಯೊಂದಕ್ಕೂ ದುಡ್ಡು. ಅದಕ್ಕೇ ಯೋಚನೆ ಮಾಡಿ ಒತ್ತುತ್ತಿದ್ದರು. ಈಗ ಸಾವಿರ ಒತ್ತಬಹುದು. ಆದರೆ ಒತ್ತಿದರಷ್ಟೇ ಕಲಿಕೆ ಆಗೋಲ್ಲ. ಪ್ರತಿ ಮದುವೆ ಆದ ಮೇಲೆ ಕೂತು ಎಣಿಸಬೇಕು. ಮಸುಕು ಎಷ್ಟು? ಕತ್ತಲು ಎಷ್ಟು? ತಲೆ ತುಂಡಾದದ್ದು ಎಷ್ಟು? ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಆ ಸಂಖ್ಯೆ ಇಳಿಯಬೇಕು.

ಮೊದಲು ಅನುಭವ ಇದ್ದವರ ಜೊತೆ ಸಹಾಯಕಿಯಾಗಿ ನಾಲ್ಕಾರು ಮದುವೆಗೆ ಹೋಗುವುದು ಒಳ್ಳೆಯದು. ತರಬೇತಿಯೂ ಸಿಗುತ್ತದೆ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಊಟ, ವಸತಿ ಕೊಟ್ಟು, ಶುಲ್ಕ ಇಲ್ಲದೆ ಸ್ವಂತ ಉದ್ಯೋಗ ಕಲಿಸುವ ಸಂಸ್ಥೆ ಅದು. ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆ ಜಿಲ್ಲೆಯಲ್ಲಿ ತರಬೇತಿ ಸಂಸ್ಥೆ ನಡೆಸುತ್ತವೆ. ಫೋಟೋ, ವಿಡಿಯೋ ತರಬೇತಿ ಯಾವಾಗ ಇದೆ ಅಂತ ಬ್ಯಾಂಕಿನಲ್ಲಿ ವಿಚಾರಿಸಿ.

ಹೇಳಿ ನೋಡೋಣ

1. ಅಪರ್ಚರ್ 2.8, 8. ಯಾವುದರಲ್ಲಿ ಬೆಳಕು ಹೆಚ್ಚು ಬರುತ್ತದೆ?
2. ಕೆಂಪು ಶಾಮಿಯಾನದ ಕಡೆ ಫ್ಲಾಶ್ ತಿರುಗಿಸಿದರೆ ಏನಾಗುತ್ತದೆ?
3. ಮದುವೆಗೆ ಹುಡುಗಿಗೆ ಎಷ್ಟು ವರ್ಷ ತುಂಬಿರಬೇಕು?

ಬರೆಯೋಣ

ನಿಮ್ಮ ಮನೆಯ ಮದುವೆಯಲ್ಲಿ ಯಾವ ಐದು ಫೋಟೋ ಬೇಕೇ ಬೇಕು? ಪಟ್ಟಿ ಮಾಡಿ. ಕೆಳಗೆ ನಿಮ್ಮ ಹೆಸರು ಬರೆದು ಸಹಿ ಹಾಕಿ.