ಟ್ಯಾಬ್ಲೆಟ್ ಕೊಳ್ಳುವ ಮುನ್ನ ಬೆರಳಿಟ್ಟು ನೋಡಿ

2011ರ ಅಕ್ಟೋಬರ್ 5ರಂದು ಬಿಡುಗಡೆಯಾದ ‘ಆಕಾಶ್’ ಟ್ಯಾಬ್ಲೆಟ್‌ ಜೋಡಣೆಯಾಗಿದ್ದು ನಮ್ಮ ಹೈದರಾಬಾದಿನಲ್ಲೇ. ಸರ್ಕಾರಕ್ಕೆ ಬಿದ್ದ ಬೆಲೆ ಎರಡೂಕಾಲು ಸಾವಿರ ರೂಪಾಯಿಯ ಆಸುಪಾಸು. ಬಡ ವಿದ್ಯಾರ್ಥಿಗಳ ಕೈಗೂ ಕಂಪ್ಯೂಟರ್ ಸಿಗಲೆಂಬ ಆಸೆ ದೊಡ್ಡದೇ. ಆದರೆ 256 ಎಂಬಿ ರ‍್ಯಾಮ್, ಬೆರಳಿನಿಂದ ಒತ್ತಿದರಷ್ಟೇ ಸ್ಪಂದಿಸುವ ಏಳಿಂಚಿನ ಪರದೆ. ಪುಟ ಸರಿಸುವುದೇ ಮಕ್ಕಳಿಗೆ ಸಾಕುಬೇಕಾಗುತ್ತಿತ್ತು.

ಹಾಗಾಗಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋದರೂ, ಆನ್‌ಲೈನ್‌ನಲ್ಲಿ ತರಿಸಿದರೂ, ಬೆಲೆಚೀಟಿಗೆ ಮರುಳಾಗಬೇಡಿ. ಮಗುವಿನ ಪಠ್ಯಪುಸ್ತಕದ ಪಿಡಿಎಫ್ ಒಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಅಂಗಡಿಯಲ್ಲೇ ತೆರೆಸಿ ನೋಡಿ. ಹಿಗ್ಗಿಸಿ, ಕುಗ್ಗಿಸಿ, ಬೇಗ ಬೇಗ ಪುಟ ತಿರುವಿ. ಒತ್ತಕ್ಷರ ಸರಿಯಾಗಿ ಮೂಡುತ್ತಿದೆಯೇ? ಕನ್ನಡ ಕೀಲಿಮಣೆಯಲ್ಲಿ ನಾಲ್ಕು ಸಾಲು ಟೈಪ್ ಮಾಡಿ. ಅಷ್ಟರಲ್ಲೇ ಯಂತ್ರ ತಡವರಿಸಿದರೆ ಬೇಡವೇ ಬೇಡ.

ಆಂಡ್ರಾಯ್ಡ್ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಎಂದು ಕೇಳಲು ಸಂಕೋಚ ಬೇಡ. ಅಂಗಡಿಯವರ ಬಾಯಿಮಾತು ಸಾಲದು, ಕಂಪನಿಯ ಜಾಲತಾಣದಲ್ಲೂ ನೋಡಿಕೊಳ್ಳಿ. ಅಪ್‌ಡೇಟ್ ನಿಂತ ಮೇಲೆ ಬ್ಯಾಂಕಿನ ಆ್ಯಪ್‌ಗಳು ಒಂದೊಂದಾಗಿ ಕೈಕೊಡುತ್ತವೆ. ಸರ್ವೀಸ್ ಸೆಂಟರ್ ಊರಲ್ಲೇ ಇರಲಿ. ಜಿಎಸ್‌ಟಿ ಬಿಲ್ ಬಿಡಬೇಡಿ.

ಬರೀ ವಿಡಿಯೋ ನೋಡುವುದಕ್ಕಾದರೆ ಮನೆಯ ಫೋನೇ ಸಾಕು. ಓದುವ, ಬರೆಯುವ, ಚಿತ್ರ ಬಿಡಿಸುವ ಮಗುವಿದ್ದರೆ, ಇನ್ನೆರಡು ತಿಂಗಳು ದುಡ್ಡು ಕೂಡಿಟ್ಟಾದರೂ ಒಳ್ಳೆಯದನ್ನೇ ಕೊಡಿಸಿ.