ಪಿಕ್ ಅಪ್: ಎತ್ತಿದ್ದು ಏನನ್ನು?

"ಪಿಕಪ್" ಅಂದರೆ ಪುತ್ತೂರು, ಸುಳ್ಯ, ಕಡಬದ ಕಡೆ ಮೊದಲು ನೆನಪಾಗುವುದು ಅಡಿಕೆ ಗೋಣಿ, ರಬ್ಬರ್ ಶೀಟ್ ಹೇರಿಕೊಂಡು ಹೋಗುವ ಗಾಡಿ. ಆಮೇಲೆ ಬೈಕಿನ ಪಿಕಪ್. ಆದರೆ ಇಂಗ್ಲಿಷಿನಲ್ಲಿ ಈ ಜೋಡಿಪದಕ್ಕೆ ಇನ್ನೂ ಹಲವು ಅರ್ಥಗಳಿವೆ. ಇಂಟರ್‌ವ್ಯೂನಲ್ಲಿ "ವಾಟ್ ಡಿಡ್ ಯು ಪಿಕ್ ಅಪ್ ಫ್ರಮ್ ಯುವರ್ ಇಂಟರ್ನ್‌ಶಿಪ್?" ಅಂತ ಕೇಳಿದಾಗ, ಅಲ್ಲಿಂದ ಏನು ಎತ್ತಿಕೊಂಡು ಬಂದೆ ಅಂತ ಯೋಚಿಸುತ್ತಾ ಕೂತರೆ ಕೆಲಸ ಕೆಟ್ಟಿತು. ಅವರು ಕೇಳಿದ್ದು "ಏನು ಕಲಿತಿರಿ" ಅಂತ.

ಹೆದರಬೇಕಾಗಿಲ್ಲ. ನಮ್ಮ 'ತೆಗೆ'ಯನ್ನೇ ನೋಡಿ. ಬಾಗಿಲು ತೆಗೆ, ಫೋಟೋ ತೆಗೆ, ಕಲೆ ತೆಗೆ, ಒಳ್ಳೆ ಮಾರ್ಕ್ ತೆಗೆ, ಫೋನ್ ತೆಗೆ. ಕ್ರಿಯಾಪದ ಒಂದೇ, ಅರ್ಥ ಐದು. ನಾವು ಗೊಂದಲ ಮಾಡಿಕೊಳ್ಳುವುದಿಲ್ಲ, ಯಾಕೆಂದರೆ ಜೊತೆಗಿರುವ ನಾಮಪದವೇ ಅರ್ಥ ಹೇಳುತ್ತದೆ. ಪಿಕ್ ಅಪ್‌ಗೂ ಅದೇ ಸೂತ್ರ.

1. ವಸ್ತು ಇದ್ದರೆ: ಎತ್ತು, ಹೆಕ್ಕು. ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುವುದೂ ಪಿಕ್ ಅಪ್, ಫೋನ್ ತೆಗೆಯುವುದೂ ಪಿಕ್ ಅಪ್.

2. ವ್ಯಕ್ತಿ ಇದ್ದರೆ: ಹೋಗಿ ಕರೆದುಕೊಂಡು ಬಾ. ಸುಳ್ಯ ಬಸ್ ಸ್ಟ್ಯಾಂಡಿನಿಂದ ಗೆಳೆಯನನ್ನು ಹಾಸ್ಟೆಲಿಗೆ ಕರೆತಂದ ಹಾಗೆ.

3. ಭಾಷೆ, ಅಭ್ಯಾಸ, ಕೌಶಲ ಇದ್ದರೆ: ಪಾಠವಿಲ್ಲದೆ ತಾನಾಗಿ ಕಲಿ. ಬಾಗಲಕೋಟೆಯಿಂದ ಬಂದವರು ವರ್ಷ ಕಳೆಯುವುದರೊಳಗೆ ತುಳು, ಅರೆಭಾಷೆಯ ನಾಲ್ಕು ಮಾತು ಕಲಿಯುತ್ತಾರಲ್ಲ, ಅದು.

4. ವೇಗ ಇದ್ದರೆ: ವೇಗ ಹೆಚ್ಚಿಸಿಕೊ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರಕ್ಕೆ ಹೋಗುವ ಘಾಟಿಯಲ್ಲಿ 50 ಮೀಟರಿಗೆ 1 ಮೀಟರ್ ಏರು, 57 ಸುರಂಗ. ಘಾಟಿ ಮುಗಿದ ಮೇಲೆಯೇ ರೈಲು ಸ್ಪೀಡ್ ಪಿಕ್ ಅಪ್ ಮಾಡುವುದು.

5. ವ್ಯಾಪಾರ, ಬೇಡಿಕೆ ಇದ್ದರೆ: ಚೇತರಿಸಿಕೊ. ಗಾಳಿಯಾದರೆ: ಜೋರಾಗು.

6. ಸಿಗ್ನಲ್ ಇದ್ದರೆ: ಗ್ರಹಿಸು. ಕರೆಂಟ್ ವೈರಿನ ಪಕ್ಕದಲ್ಲಿ ಮೈಕಿನ ಕೇಬಲ್ ಎಳೆದರೆ 50 ಹರ್ಟ್ಸಿನ ಗುಂಯ್ ಸದ್ದು ಒಳಗೆ ಬರುತ್ತದೆ. ಅದು ನಾಯ್ಸ್ ಪಿಕಪ್. ರಿಲೇಯ ವಿಷಯದಲ್ಲಿ ಮಾತ್ರ ಎಚ್ಚರ: ಅಲ್ಲಿ ಪಿಕಪ್ ಕರೆಂಟ್ ಅಂದರೆ ರಿಲೇ ಕೆಲಸ ಶುರುಮಾಡಲು ಬೇಕಾದ ಕನಿಷ್ಠ ಕರೆಂಟ್.

7. ನಿಂತ ಕೆಲಸ ಇದ್ದರೆ: ಬಿಟ್ಟಲ್ಲಿಂದ ಮುಂದುವರಿಸು. ಮಳೆ ರಜೆ ಮುಗಿದ ಮೇಲೆ ಲೆಕ್ಚರರ್ ಪಾಠ ಎತ್ತಿಕೊಂಡ ಹಾಗೆ.

ಈಗ ಎರಡು ನಿಯಮ. ಒಂದು, 'ಹಿಮ್', 'ಇಟ್' ತರಹದ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: "ಪಿಕ್ ಹಿಮ್ ಅಪ್" ಸರಿ, "ಪಿಕ್ ಅಪ್ ಹಿಮ್" ತಪ್ಪು. ಹೆಸರು ಬಂದರೆ ಎರಡೂ ನಡೆಯುತ್ತದೆ. ಎರಡು, ಕ್ರಿಯಾಪದವಾದರೆ ಎರಡು ಪದ, ಒತ್ತು 'ಅಪ್' ಮೇಲೆ. ನಾಮಪದವಾದರೆ ಒಂದೇ ಪದ, ಒತ್ತು 'ಪಿಕ್' ಮೇಲೆ. ರಿಪೋರ್ಟ್ ಬರೆಯುವಾಗ ಇದು ಬೇಕಾಗುತ್ತದೆ.

ಪ್ರಯತ್ನಿಸಿ: (ಅ) "ದ ಸೆನ್ಸರ್ ಪಿಕ್ಡ್ ಅಪ್ ಎ ವೈಬ್ರೇಶನ್." (ಆ) "ಸೇಲ್ಸ್ ಪಿಕ್ಡ್ ಅಪ್ ಆಫ್ಟರ್ ದೀಪಾವಳಿ." (ಇ) "ಶಿ ಪಿಕ್ಡ್ ಅಪ್ ಪೈಥಾನ್ ಇನ್ ಎ ಮಂತ್." ಉತ್ತರ: ಗ್ರಹಿಸಿತು, ಚೇತರಿಸಿತು, ಕಲಿತಳು. ಮೂರನೆಯದನ್ನು ಓದಿ ಹೆಬ್ಬಾವು ಎತ್ತಿದಳು ಅಂತ ಅಂದುಕೊಂಡವರು ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಉಳಿದವರು 'ಪುಟ್ ಅಪ್', 'ಸೆಟ್ ಅಪ್'ಗಳಿಗೂ ಇಂಥದ್ದೇ ಒಂದು ಪಟ್ಟಿ ಮಾಡಿ ಕ್ಲಬ್ಬಿಗೆ ಕಳಿಸಿ.